ಪೀಡಿಯಾಟ್ರಿಕ್ ಯುರಾಲಜಿ ಫೆಲೋಶಿಪ್ ಮಾಡ್ಲಾ, ಜನರಲ್ ಯುರಾಲಜಿಯಲ್ಲೇ ಇದ್ಬಿಡ್ಲಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಯುರಾಲಜಿ (ಮೂತ್ರಾಂಗಗಳ ಸರ್ಜರಿ) ಟ್ರೈನಿಂಗ್ ಕೊನೇ ಹಂತದಲ್ಲಿದೀನಿ, ಮುಂದೆ ಪೀಡಿಯಾಟ್ರಿಕ್ ಅಂದ್ರೆ ಮಕ್ಕಳ ಯುರಾಲಜಿ ಫೆಲೋಶಿಪ್‌ಗೆ ಅಪ್ಲೈ ಮಾಡ್ಲಾ ಬೇಡ್ವಾ ಅಂತ ತಲೆ ಕೆಟ್ಟು ಹೋಗಿದೆ. ಮಕ್ಕಳ ಪೋಸ್ಟಿಂಗ್‌ನಲ್ಲಿ ಹೈಪೋಸ್ಪೇಡಿಯಾಸ್ (ಮೂತ್ರದ ರಂಧ್ರ ಶಿಶ್ನದ ತುದಿ ಬಿಟ್ಟು ಕೆಳಭಾಗದಲ್ಲಿರೋದು) ರಿಪೇರಿ, ಪೈಲೋಪ್ಲಾಸ್ಟಿ (ಕಿಡ್ನಿಯಿಂದ ಮೂತ್ರ ಇಳಿಯೋ ದಾರಿಯ ತಡೆ ಸರಿ ಮಾಡೋದು) ಎಲ್ಲ ಅಸಿಸ್ಟ್ ಮಾಡಿದೀನಿ, ಲೂಪ್ (ದೊಡ್ಡದಾಗಿ ಕಾಣ್ಸೋ ಕನ್ನಡಕ) ಹಾಕ್ಕೊಂಡು ತುಂಬಾ ಸಣ್ಣ 7-0 ದಾರದಲ್ಲಿ ಹೊಲಿಗೆ ಹಾಕೋದು ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ. ಆದ್ರೆ ಆ ಕಡೆ ಹೋದ್ರೆ ಇಷ್ಟು ವರ್ಷ ಕಷ್ಟಪಟ್ಟು ಕಲಿತ ಪ್ರಾಸ್ಟೇಟ್, ಕ್ಯಾನ್ಸರ್ ಸರ್ಜರಿ ಎಲ್ಲ ಕೈತಪ್ಪಿ ಹೋಗತ್ತೆ, ದೊಡ್ಡೋರ ಯುರಾಲಜಿಗಿಂತ ಆದಾಯಾನೂ ಕಮ್ಮಿ ಅಂತಾರೆ, ಮನೇಲಿ ಇನ್ನೂ ಎಷ್ಟು ಓದ್ತೀಯ ಅಂತ ಕೇಳೋಕೆ ಶುರು ಮಾಡಿದಾರೆ. ಫೆಲೋಶಿಪ್ ಇಲ್ದೇನೂ ಮಕ್ಕಳ ಕೇಸ್ ಸ್ವಲ್ಪ ನೋಡ್ಕೊಂಡು ಇರೋಕಾಗಲ್ವಾ? ಈ ದಾರೀಲಿ ಹೋದೋರು, ಹೋಗ್ದೇ ಇದ್ದೋರು ಇಬ್ರೂ ಹೇಳಿ ಪ್ಲೀಸ್.

ಉತ್ತರ 1:
ನಾನು ಮಕ್ಕಳ ಯುರಾಲಜಿ ಮಾತ್ರ ಮಾಡೋನು, ಬಹಳ ವರ್ಷದಿಂದ. ನೀವು ಬರೆದಿರೋದ್ರಲ್ಲಿ ಎಲ್ಲಾ ಓಟಿ ವಿಷ್ಯಾನೇ ಇದೆ ಡಾಕ್ಟ್ರೇ, ಓಪಿಡಿ ಬಗ್ಗೆ ಒಂದು ಮಾತೂ ಇಲ್ಲ. ಈ ಕೆಲಸದಲ್ಲಿ ಜಾಸ್ತಿ ಹೊತ್ತು ಕಳೆಯೋದು ಅಲ್ಲೇ. ಹೊಟ್ಟೇಲಿದ್ದಾಗ್ಲೇ ಸ್ಕ್ಯಾನ್‌ನಲ್ಲಿ ಕಿಡ್ನಿ ಊದಿದೆ ಅಂತ ಹೇಳಿಸ್ಕೊಂಡು ಬರೋ ಅಪ್ಪ ಅಮ್ಮ, ಸುಮಾರು 1-2% ಬಸುರಿಯರ ಸ್ಕ್ಯಾನ್‌ನಲ್ಲಿ ಇದು ಕಾಣ್ಸತ್ತೆ, ಅದ್ರಲ್ಲಿ ಹೆಚ್ಚಿನವು ತಾವಾಗೇ ಸರಿ ಹೋಗತ್ತೆ. ಅಂದ್ರೆ ನಿಮ್ಮ ಕೆಲಸ ಆಪರೇಷನ್ ಮಾಡೋದಲ್ಲ, ಭಯದಲ್ಲಿ ನಿದ್ದೆ ಬಿಟ್ಟಿರೋ ತಾಯಿಗೆ ಕಾಯೋಣ ಅಂತ ಒಪ್ಪಿಸೋದು, ಹಾಗೇ ಕಾಯಬಾರದ ಮಗು ಯಾವ್ದು ಅಂತ ಹಿಡಿಯೋದು. ಪೋಸ್ಟೀರಿಯರ್ ಯುರೆತ್ರಲ್ ವಾಲ್ವ್ (ಮೂತ್ರನಾಳದೊಳಗೆ ಮೂತ್ರ ತಡೆಯೋ ಪೊರೆ) ಇರೋ ಗಂಡು ಮಗು ಅಂಥದ್ದು, ಅಲ್ಲಿ ತಡ ಮಾಡಂಗಿಲ್ಲ.

ರಿಫ್ಲಕ್ಸ್ ತಗೊಳ್ಳಿ, ಅಂದ್ರೆ ಮೂತ್ರಕೋಶದಿಂದ ಮೂತ್ರ ಕಿಡ್ನಿ ಕಡೆ ವಾಪಸ್ ಹೋಗೋದು. 2014ರಲ್ಲಿ ಬಂದ ರಿವರ್ ಟ್ರಯಲ್‌ನಲ್ಲಿ 607 ಮಕ್ಕಳಿಗೆ ಎರಡು ವರ್ಷ ಆಂಟಿಬಯಾಟಿಕ್ ಇಲ್ಲಾ ಪ್ಲಸೀಬೋ (ಔಷಧಿ ಇಲ್ಲದ ಡಮ್ಮಿ) ಕೊಟ್ಟು ನೋಡಿದ್ರು, ಇನ್‌ಫೆಕ್ಷನ್ ಮತ್ತೆ ಬರೋದು ಹತ್ರ ಹತ್ರ ಅರ್ಧ ಕಮ್ಮಿ ಆಯ್ತು, ಆದ್ರೆ ಕಿಡ್ನಿ ಸ್ಕಾರ್ (ಗಾಯದ ಕಲೆ) ಆಗೋದ್ರಲ್ಲಿ ವ್ಯತ್ಯಾಸ ಕಾಣ್ಲಿಲ್ಲ. ಈಗ ಇದನ್ನ ಎದುರಿಗೆ ಕೂತ ಅಪ್ಪ ಅಮ್ಮನಿಗೆ ಅರ್ಥ ಆಗೋ ಹಾಗೆ ಹೇಳಿ, ದಿನಾ ಔಷಧಿ ಕೊಡೋಣ್ವಾ ಬೇಡ್ವಾ ಅಂತ ಅವ್ರ ಜೊತೆ ಕೂತು ತೀರ್ಮಾನ ಮಾಡ್ಬೇಕು. ಜೊತೆಗೆ ಮಲಬದ್ಧತೆ, ಉಚ್ಚೆ ತಡ್ಕೊಂಡೇ ಇರೋ ಮಕ್ಕಳು, ಹಾಸಿಗೆ ಒದ್ದೆ ಮಾಡೋರು, ಇವ್ರು ದಿನಾ ಬರ್ತಾರೆ. ಈ ಮಾತುಕತೆ ನಿಮಗೆ ಬೇಜಾರಾದ್ರೆ ಬೇಡ, ಖುಷಿ ಕೊಟ್ರೆ ಯೋಚ್ನೆ ಮಾಡದೇ ಬನ್ನಿ.

ಉತ್ತರ 2:
ನಾನು ಫೆಲೋಶಿಪ್ ಮಾಡ್ಲಿಲ್ಲ, ಜನರಲ್ ಯುರಾಲಜಿ. ಮಕ್ಕಳನ್ನೂ ನೋಡ್ತೀನಿ. ಟಾರ್ಷನ್ (ವೃಷಣ ತಿರುಚಿಕೊಂಡು ರಕ್ತ ನಿಲ್ಲೋದು) ಬಂದ್ರೆ ಯಾರಿದಾರೋ ಅವ್ರು ಮಾಡ್ಲೇಬೇಕು, ಸುಮಾರು ಆರು ಗಂಟೆಯೊಳಗೆ ಬಿಡಿಸಬೇಕು ಅನ್ನೋ ಲೆಕ್ಕದಲ್ಲಿ ಇನ್ನೊಂದು ಊರಿಗೆ ಕಳಿಸ್ತಾ ಕೂರೋಕಾಗಲ್ಲ. ಕೈಗೆ ಸಿಗೋ ಇಳಿಯದ ವೃಷಣ ಇದ್ರೆ ಆರ್ಕಿಡೋಪೆಕ್ಸಿ (ಅದನ್ನ ಕೆಳಗಿಳಿಸಿ ಚೀಲದಲ್ಲಿ ಕೂರಿಸೋದು) ಮಾಡಬಹುದು, ಆದ್ರೆ ಅದನ್ನ ಆರರಿಂದ ಹದಿನೆಂಟು ತಿಂಗಳ ಒಳಗೆ ಮುಗಿಸ್ಬೇಕು ಅಂತಾರಲ್ಲ, ಅಷ್ಟು ಚಿಕ್ಕ ಮಗೂಗೆ ಅನಸ್ತೇಶಿಯಾ ಕೊಡೋಕೆ ಪಳಗಿದೋರು ನಿಮ್ಮಲ್ಲಿ ಇದಾರಾ ಅನ್ನೋದು ನಿಮ್ಮ ಕೈಚಳಕಕ್ಕಿಂತ ದೊಡ್ಡ ಪ್ರಶ್ನೆ.

ಹೈಪೋಸ್ಪೇಡಿಯಾಸ್ ಮಾತ್ರ ಅಪರೂಪಕ್ಕೊಂದು ಮಾಡ್ತೀನಿ ಅಂತ ಹೊರಡಬೇಡಿ, ಇದನ್ನ ಕೈಮುಗಿದು ಹೇಳ್ತೀನಿ. 1994ರಲ್ಲಿ ಸ್ನಾಡ್‌ಗ್ರಾಸ್ ಅವ್ರ ಟಿಐಪಿ (ಇದನ್ನ ರಿಪೇರಿ ಮಾಡೋ ಒಂದು ವಿಧಾನ) ಬಂದ ಮೇಲೆ ಪುಸ್ತಕದಲ್ಲಿ ಓದೋಕೆ ಸುಲಭ ಅನ್ಸತ್ತೆ, ಆದ್ರೆ ಫಿಸ್ಟುಲಾ (ಹೊಲಿಗೆ ಕಡೆ ತೂತಾಗಿ ಮೂತ್ರ ಸೋರೋದು), ಸ್ಟ್ರಿಕ್ಚರ್ (ಮೂತ್ರನಾಳ ಕಿರಿದಾಗೋದು), ಶಿಶ್ನ ಮತ್ತೆ ಬಾಗೋದು, ಕೆಲವು ಸಲ ಇದೆಲ್ಲ ಹರೆಯಕ್ಕೆ ಬಂದ ಮೇಲೆ ಹೊರಗೆ ಬೀಳತ್ತೆ. ಚಿಕ್ಕವರಿದ್ದಾಗ ಪದೇ ಪದೇ ಆಪರೇಷನ್ ಆಗಿ, ಚೆನ್ನಾಗಿರೋ ಚರ್ಮಾನೇ ಉಳಿದಿಲ್ದೇ ಇರೋ ಹುಡುಗ್ರು ನನ್ನ ಹತ್ರ ಬರ್ತಾರೆ, ಮಾತಾಡೋಕೂ ನಾಚ್ಕೊಂಡು ತಲೆ ತಗ್ಗಿಸಿ ಕೂತಿರ್ತಾರೆ. ಮೊದಲ ಆಪರೇಷನ್ ಸರಿಯಾಗಿ ಆಗೋದು ಎಷ್ಟು ಮುಖ್ಯ ಅಂತ ಅವ್ರನ್ನ ನೋಡಿದ್ರೆ ಗೊತ್ತಾಗತ್ತೆ. ಇದನ್ನ ಮಾಡೋ ಆಸೆ ಇದ್ರೆ ಪೂರ್ತಿ ಕಲಿತೇ ಮಾಡಿ.

ಉತ್ತರ 3:
ಫೆಲೋಶಿಪ್ ಮುಗಿಸಿ ಈಗ ಕೆಲಸದಲ್ಲಿದೀನಿ. ಆದಾಯ ಕಮ್ಮಿ ಅನ್ನೋದು ನಿಜ, ಕೆಲಸಾನೂ ಹೆಚ್ಚಾಗಿ ದೊಡ್ಡ ಮಕ್ಕಳ ಆಸ್ಪತ್ರೆ ಇರೋ ಕಡೆನೇ, ಹಾಗಾಗಿ ಎಲ್ಲಿ ಬದುಕ್ಬೇಕು ಅನ್ನೋದನ್ನ ಮನೆಯವರ ಜೊತೆ ಈಗ್ಲೇ ಕೂತು ಮಾತಾಡಿ.

ನನ್ನನ್ನ ಇಲ್ಲಿ ಹಿಡಿದಿಟ್ಟಿರೋದು ಸ್ಪೈನಾ ಬೈಫಿಡಾ ಮಕ್ಕಳು, ಅಂದ್ರೆ ಹುಟ್ಟುವಾಗ್ಲೇ ಬೆನ್ನುಮೂಳೆ ಸರಿಯಾಗಿ ಮುಚ್ಚದೆ ಮೂತ್ರಕೋಶದ ನರಕ್ಕೂ ತೊಂದರೆ ಆಗಿರೋರು. 1972ರಲ್ಲಿ ಲ್ಯಾಪಿಡಿಸ್ ಅವ್ರು ಕ್ಲೀನ್ ಇಂಟರ್ಮಿಟೆಂಟ್ ಕ್ಯಾತಿಟರ್ (ಆಗಾಗ ಶುಚಿಯಾದ ನಳಿಕೆ ಹಾಕಿ ಮೂತ್ರ ಖಾಲಿ ಮಾಡೋದು) ಬಗ್ಗೆ ಬರೆದ್ರು, 1980ರಲ್ಲಿ ಮಿಟ್ರೊಫನಾಫ್ ಅವ್ರು ಅಪೆಂಡಿಕ್ಸನ್ನೇ ದಾರಿ ಮಾಡಿ ಹೊಟ್ಟೆ ಮೇಲಿಂದ ಕ್ಯಾತಿಟರ್ ಹಾಕೋ ಹಾಗೆ ಮಾಡಿದ್ರು, ಈಗ ವೀಲ್‌ಚೇರ್‌ನಲ್ಲಿರೋ ಹುಡುಗಿ ಯಾರ ಸಹಾಯಾನೂ ಇಲ್ದೆ ಸ್ಕೂಲಲ್ಲಿ ತಾನೇ ಮೂತ್ರಕೋಶ ಖಾಲಿ ಮಾಡ್ಕೊಂಡು ಕ್ಲಾಸಿಗೆ ವಾಪಸ್ ಹೋಗ್ತಾಳೆ. ಆದ್ರೆ ಆಪರೇಷನ್ ಆಯ್ತು ಅಂತ ಬಿಡೋ ಹಾಗಿಲ್ಲ. ಕರುಳು ಸೇರಿಸಿ ಮೂತ್ರಕೋಶ ದೊಡ್ಡದು ಮಾಡಿದ್ರೆ ಕಲ್ಲು, ಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಜಾಸ್ತಿ ಆಗೋದು), ಒಡೆದುಹೋಗೋ ಅಪಾಯ ಎಲ್ಲಾನೂ ಜೀವನಪೂರ್ತಿ ನೋಡ್ತಿರ್ಬೇಕು, ಆ ಮಗು ದೊಡ್ಡದಾದ ಮೇಲೆ ಯಾರ ಕೈಗೆ ಒಪ್ಪಿಸೋದು ಅನ್ನೋದು ನಮಗೆ ದೊಡ್ಡ ತಲೆನೋವು. ನೀವು ಯುರಾಲಜಿಯಿಂದ ಬರೋರು, ದೊಡ್ಡೋರ ಕಡೆ ಕಲಿತಿದ್ದು ವೇಸ್ಟ್ ಅಂದ್ಕೋಬೇಡಿ, ಇಲ್ಲಿ ಅದೇ ಕೆಲಸಕ್ಕೆ ಬರತ್ತೆ. ಮಕ್ಕಳಿಗೂ ಕಲ್ಲು ಬರತ್ತಲ್ಲ, ಸ್ಕೋಪ್ ಹಿಡಿಯೋ ಕೈ ಮರೆತು ಹೋಗಲ್ಲ.

ಪ್ರೋಗ್ರಾಂ ನೋಡುವಾಗ ಹೆಸರು ನೋಡಿ ಮರುಳಾಗಬೇಡಿ, ಈಗಿರೋ ಫೆಲೋನ ಒಬ್ರನ್ನೇ ಕರೆದು ಕೇಳಿ: ಕಷ್ಟದ ಹೈಪೋಸ್ಪೇಡಿಯಾಸ್‌ನಲ್ಲಿ ಹೊಲಿಗೆ ನೀವು ಹಾಕ್ತೀರಾ ಇಲ್ಲಾ ರಿಟ್ರಾಕ್ಟರ್ ಹಿಡೀತೀರಾ, ನೀವು ಮಾಡಿದ ಮಕ್ಕಳನ್ನ ಆಮೇಲೆ ನೀವೇ ಓಪಿಡಿಯಲ್ಲಿ ನೋಡ್ತೀರಾ.

ಉತ್ತರ 4:
ಒಂದು ಸಣ್ಣ ಮಾತು. ಕೆಲವು ದೇಶಗಳಲ್ಲಿ ಈ ಕೇಸ್‌ಗಳನ್ನ ಹೆಚ್ಚಾಗಿ ಪೀಡಿಯಾಟ್ರಿಕ್ ಸರ್ಜನ್‌ಗಳೇ ಮಾಡ್ತಾರೆ (ನಾನೂ ಆ ಕಡೆಯಿಂದ ಬಂದೋಳು). ನೀವು ಕೆಲಸ ಮಾಡ್ಬೇಕು ಅಂದ್ಕೊಂಡಿರೋ ಜಾಗದಲ್ಲಿ ಕೇಸ್ ಯಾರ ಹತ್ರ ಹೋಗತ್ತೆ, ಯಾವ ಸರ್ಟಿಫಿಕೇಟ್‌ಗೆ ಬೆಲೆ ಇದೆ ಅಂತ ಅಪ್ಲೈ ಮಾಡೋ ಮುಂಚೇನೇ ವಿಚಾರಿಸ್ಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಓಪಿಡಿ ವಿಷ್ಯ ನಾನು ನಿಜವಾಗ್ಲೂ ಆ ಥರ ಯೋಚ್ನೆ ಮಾಡಿರ್ಲಿಲ್ಲ. ನ್ಯೂರೋಜೆನಿಕ್ ಬ್ಲಾಡರ್ (ನರದ ತೊಂದರೆಯಿಂದ ಮೂತ್ರಕೋಶ ಕೆಟ್ಟಿರೋರ) ಕ್ಲಿನಿಕ್‌ನಲ್ಲಿ ಸ್ವಲ್ಪ ದಿನ ಕೂರೋಕೆ ಬಿಡಿ ಅಂತ ನಮ್ ಮೇಡಂನ ಕೇಳ್ತೀನಿ. ಇನ್ನೊಂದು ಡೌಟು, ಕೆಲವು ಕಡೆ ರಿಸರ್ಚ್‌ಗೇ ಅಂತ ಬೇರೆ ಸಮಯ ಇಡ್ತಾರಲ್ಲ, ಅದ್ರಿಂದ ಉಪಯೋಗ ಇದ್ಯಾ?

ಉತ್ತರ 3:
ಟೀಚಿಂಗ್ ಆಸ್ಪತ್ರೆ ಬೇಕು ಅಂದ್ರೆ ಇದೆ. ಬೇಡ ಅಂದ್ರೆ ಓಟಿ ಹೆಚ್ಚು ಸಿಗೋ ಜಾಗ ಹುಡುಕಿ. ಕ್ಲಿನಿಕ್‌ನಲ್ಲಿ ಕೂತ ಮೇಲೆ ಏನನ್ಸಿತು ಅಂತ ಇಲ್ಲೇ ಬರೀರಿ.