ನೇತ್ರಾಣಿಯಲ್ಲಿ ದೋಣಿ ದೂರ ಸರಿದಾಗ ಏನು ಮಾಡಬೇಕಿತ್ತು?

ಪ್ರಶ್ನೆ (ಗಂಗಾವತಿ):
ಕಳೆದ ಡಿಸೆಂಬರಿನಲ್ಲಿ ನಾವು ನಾಲ್ವರು ಗೆಳೆಯರು ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮುಗಿಸಿ ಮೇಲೆ ಬಂದಾಗ, ಇಂಜಿನ್ ಕೆಟ್ಟ ನಮ್ಮ ದೋಣಿ ಸೆಳೆತಕ್ಕೆ ಸಿಕ್ಕು ದೂರ ಸರಿಯುತ್ತಿತ್ತು. ಆನೆಗೊಂದಿಯಲ್ಲಿ ಹರಿಗೋಲು ಹತ್ತಿಯೇ ಬೆಳೆದ ನನಗೂ ಆ ಕ್ಷಣ ಕೈಕಾಲು ಆಡಲಿಲ್ಲ. ಗೆಳೆಯನೊಬ್ಬ ದೋಣಿಯತ್ತ ಈಜಲು ಹೋಗಿ ತೀರಾ ಬಳಲಿದನು. ಅರ್ಧ ಗಂಟೆಯ ನಂತರ ಮೀನುಗಾರರು ನಮ್ಮನ್ನು ಎತ್ತಿಕೊಂಡರು. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಬಳ್ಳಾರಿ):
ಸರ್, ಎಲ್ಲರೂ ಸುರಕ್ಷಿತವಾಗಿ ಮರಳಿದ್ದು ದೊಡ್ಡ ಸಮಾಧಾನ. ಸೆಳೆತಕ್ಕೆ ಎದುರಾಗಿ ಈಜುವುದೇ ಅತಿ ದೊಡ್ಡ ತಪ್ಪು. ಮೊದಲು ಬಿಸಿಡಿ ಜಾಕೆಟ್ಟಿಗೆ (ಡೈವಿಂಗ್ ಮಾಡುವವರು ತೊಡುವ, ಗಾಳಿ ತುಂಬಿದರೆ ತೇಲಿಸುವ ಅಂಗಿ) ಗಾಳಿ ತುಂಬಿ, ತೇಲಲು ಕಷ್ಟವಾದರೆ ಸೊಂಟದ ಸೀಸದ ತೂಕವನ್ನು ಕಳಚಿಬಿಟ್ಟು, ಮುಖದ ಮಾಸ್ಕ್ ತೆಗೆಯದೆ, ಒಬ್ಬರನ್ನೊಬ್ಬರು ಹಿಡಿದುಕೊಂಡು ಗುಂಪಾಗಿ ತೇಲಬೇಕು. ಅಲೆಗಳ ನಡುವೆ ತಲೆಯೊಂದು ದೂರದವರಿಗೆ ಕಾಣುವುದೇ ಇಲ್ಲ. ಆದ್ದರಿಂದ ಕಿತ್ತಳೆ ಬಣ್ಣದ ಉದ್ದನೆಯ ಗಾಳಿಚೀಲವೂ ಸೀಟಿಯೂ ಪ್ರತಿಯೊಬ್ಬರ ಬಳಿ ಇರಲೇಬೇಕು.

ಉತ್ತರ (ರಾಯಚೂರು):
ದೋಣಿ ಹತ್ತುವ ಮುನ್ನವೇ ವಿಎಚ್‌ಎಫ್ ರೇಡಿಯೋ (ದೋಣಿಗಳು ಮಾತಾಡಿಕೊಳ್ಳುವ ನಿಸ್ತಂತು ಸಾಧನ) ಮತ್ತು ತುರ್ತು ಚಿಕಿತ್ಸೆಗೆ ಆಮ್ಲಜನಕದ ಸಿಲಿಂಡರ್ ಇವೆಯೇ ಎಂದು ಕೇಳಿರಿ. ಸಮುದ್ರದಲ್ಲಿ ಅಪಾಯದ ಕರೆಗೆ 16ನೇ ಚಾನೆಲ್. ಫೋನ್ ಸಿಗ್ನಲ್ ಇದ್ದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554.

ಪ್ರಶ್ನೆ ಕೇಳಿದವರು:
ನಮ್ಮ ಬಳಿ ಸೀಟಿಯೂ ಇರಲಿಲ್ಲ. ಮುಂದಿನ ಸಲ ಇವನ್ನೆಲ್ಲ ನೋಡಿಯೇ ನೀರಿಗಿಳಿಯುತ್ತೇವೆ. ಧನ್ಯವಾದಗಳು.