ಕಥೆ ಇರೋ ಗೇಮ್ ಕೊಳ್ಳೋ ಮುಂಚೆ ಏನೇನು ನೋಡ್ಬೇಕು? ವಿಶ್‌ಲಿಸ್ಟಲ್ಲಿ ಐದಿವೆ, ಆಡೋಕೆ ದಿನಕ್ಕೆ ಒಂದೇ ಗಂಟೆ

ರಾತ್ರಿಪಾಳಿ_88

ಸ್ಟೀಮಲ್ಲಿ (ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ) ನನ್ನ ವಿಶ್‌ಲಿಸ್ಟಲ್ಲಿ ಐದು ಗೇಮ್ ಕೂತಿವೆ: ರೆಡ್ ಡೆಡ್ ರಿಡೆಂಪ್ಶನ್ 2, ಡಿಸ್ಕೋ ಎಲಿಸಿಯಂ, ನಿಯರ್ ಆಟೋಮೇಟಾ, ರಿಟರ್ನ್ ಆಫ್ ದಿ ಓಬ್ರಾ ಡಿನ್, ಔಟರ್ ವೈಲ್ಡ್ಸ್. ಯಾರನ್ನ ಕೇಳಿದ್ರೂ ಐದಕ್ಕೂ "ಸೂಪರ್ ಕಥೆ, ಆಡ್ಲೇಬೇಕು" ಅಂತಾರೆ. ಅದರಿಂದ ಏನೂ ಬಗೆಹರಿಯಲ್ಲ.

ಲ್ಯಾಪ್‌ಟಾಪಲ್ಲಿ 8 ಜಿಬಿ ರಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, 120 ಜಿಬಿ ಜಾಗ ಖಾಲಿ. ವಾರದ ದಿನ ರಾತ್ರಿ ಒಂದು ಗಂಟೆ, ಭಾನುವಾರ ಮೂರು. ಗುಂಡು ಹಾರಿಸೋದ್ರಲ್ಲಿ ಆಸಕ್ತಿ ಇಲ್ಲ. ಇಂಗ್ಲಿಷ್ ಓದ್ತೀನಿ, ಆದ್ರೆ ನಿಧಾನ. ಯಾವುದು ತಗೋಬೇಕು ಅನ್ನೋದಕ್ಕಿಂತ ಹೇಗೆ ಆರಿಸ್ಬೇಕು ಅಂತ ಹೇಳಿದ್ರೆ ಮುಂದಿನ ಸೇಲ್‌ಗೂ ಉಪಯೋಗಕ್ಕೆ ಬರುತ್ತೆ.

ಹಳೇ_ಜಾಯ್‌ಸ್ಟಿಕ್

ಅರ್ಧ ಕೆಲಸ ನಿಮ್ಮ ಲ್ಯಾಪ್‌ಟಾಪೇ ಮಾಡಿಬಿಟ್ಟಿದೆ ಗುರು. ರೆಡ್ ಡೆಡ್ 2ಕ್ಕೆ 150 ಜಿಬಿ ಜಾಗ ಬೇಕು, ಅಲ್ಲಿಗೇ ಅದು ಹೊರಗೆ. ನಿಯರ್‌ಗೂ ಔಟರ್ ವೈಲ್ಡ್ಸ್‌ಗೂ ಪ್ರತ್ಯೇಕ ಕಾರ್ಡ್ ಇಲ್ದೆ ಹೋದ್ರೆ ನೆಮ್ಮದಿಯಾಗಿ ಆಡೋಕಾಗಲ್ಲ. ಉಳಿದದ್ದು ಎರಡು. ಇನ್ನು ಮುಂದಿನ ಸೇಲ್‌ಗೆ ಈ ಮೂರು ನೋಡಿ.

ಒಂದು: ಇದನ್ನ ಯೂಟ್ಯೂಬಲ್ಲಿ ಪೂರ್ತಿ ನೋಡಿದ್ರೆ ಏನು ಕಳ್ಕೋತೀನಿ? "ಏನೂ ಇಲ್ಲ" ಅಂತ ಅನ್ನಿಸಿದ್ರೆ ಅದು ಒಳ್ಳೇ ಸಿನಿಮಾ, ದುಡ್ಡು ಉಳಿಸಿ ಸುಮ್ನೆ ನೋಡಿ. ಓಬ್ರಾ ಡಿನ್ ಇದಕ್ಕೆ ಪೂರಾ ಉಲ್ಟಾ. ಇನ್ನೊಬ್ರು ಆಡೋದನ್ನ ನೋಡಿದ್ರೆ ಆಟವೇ ಮುಗಿದುಹೋಯ್ತು, ಯಾಕಂದ್ರೆ ಅಲ್ಲಿ ಕಥೆಯನ್ನ ಯಾರೂ ಹೇಳಲ್ಲ, ನೀವೇ ಊಹಿಸಿ ಕಟ್ಬೇಕು. "ನಿಮ್ಮ ಆಯ್ಕೆಯಿಂದ ಕಥೆ ಬದಲಾಗುತ್ತೆ" ಅನ್ನೋ ಜಾಹೀರಾತನ್ನ ಮಾತ್ರ ಲೆಕ್ಕಕ್ಕೆ ತಗೋಬೇಡಿ. ಟೆಲ್‌ಟೇಲ್‌ನವರ 2012ರ ದಿ ವಾಕಿಂಗ್ ಡೆಡ್‌ನಲ್ಲಿ ಯಾವ ದಾರಿ ಹಿಡಿದ್ರೂ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬಂದು ಸೇರ್ತೀರಿ, ಆದ್ರೂ ಅದು ಆಡಬೇಕಾದ ಗೇಮೇ. ಉತ್ತರ ಕೊಡೋಕೆ ಇರೋ ನಾಲ್ಕೈದು ಸೆಕೆಂಡಲ್ಲಿ ಕೈ ನಡುಗುತ್ತಲ್ಲ, ಅದು ವಿಡಿಯೋ ನೋಡಿದ್ರೆ ಸಿಗಲ್ಲ.

ಎರಡು: ಸ್ಟೀಮಲ್ಲಿ ಆ ಗೇಮಿನ ಗ್ಲೋಬಲ್ ಅಚೀವ್‌ಮೆಂಟ್ಸ್ ಪುಟ (ಆಟದ ಯಾವ ಹಂತವನ್ನ ಶೇಕಡಾ ಎಷ್ಟು ಜನ ದಾಟಿದ್ದಾರೆ ಅನ್ನೋ ಪಟ್ಟಿ) ತೆಗೀರಿ, ಗೇಮ್ ಕೊಳ್ಳದೇನೂ ಕಾಣುತ್ತೆ. ಮೊದಲ ಅಧ್ಯಾಯ ಮುಗಿಸಿದವರ ಶೇಕಡಾವಾರು, ಕೊನೆ ಮುಟ್ಟಿದವರ ಶೇಕಡಾವಾರು ಎರಡನ್ನೂ ಬರ್ಕೊಳ್ಳಿ. ಕೊನೆಯದನ್ನ ಒಂದೇ ನೋಡಿದ್ರೆ ಮೋಸ ಹೋಗ್ತೀರಿ, ಸೇಲಲ್ಲಿ ಕೊಂಡು ಸ್ವಲ್ಪ ಹೊತ್ತು ಆಡಿ ಬಿಟ್ಟವರೂ ಅದರಲ್ಲಿ ಇರ್ತಾರೆ. ಮೊದಲನೇದು 80, ಕೊನೇದು 40 ಇದ್ರೆ ಮೊದಲ ಅಧ್ಯಾಯ ದಾಟಿದವರಲ್ಲಿ ಅರ್ಧ ಜನ ಮುಗಿಸಿದ್ದಾರೆ ಅಂತ ಲೆಕ್ಕ, ಉದ್ದದ ಗೇಮಿಗೆ ಅದು ಚೆನ್ನಾಗೇ ಇದೆ. ನಡುವೆ ಒಂದೇ ಅಧ್ಯಾಯದಲ್ಲಿ ಸಂಖ್ಯೆ ದಬಕ್ಕನೆ ಬಿದ್ದಿದ್ರೆ ಅಲ್ಲೇನೋ ಎಡವಟ್ಟಿದೆ.

ಮೂರು: ವಿಮರ್ಶೆಗಳನ್ನ ಆಡಿದ ಗಂಟೆಯ ಮೇಲೆ ಸೋಸಬಹುದು. ಹತ್ತು ಗಂಟೆಗಿಂತ ಜಾಸ್ತಿ ಆಡಿ ಬೈದವರ ಬರಹ ಮಾತ್ರ ಓದಿ. ಅರ್ಧ ಗಂಟೆ ಆಡಿ ಹೊಗಳಿದವರದ್ದು ಕೆಲಸಕ್ಕೆ ಬರಲ್ಲ.

ಮೂಡಬಿದ್ರಿ_ಪಿಕ್ಸೆಲ್

ಗಂಟೆಯ ಲೆಕ್ಕವೂ ಬಹಳ ಮುಖ್ಯ ಮಾರಾಯ್ರೆ, ಅದನ್ನು ಬಿಟ್ಟರಲ್ಲ. ಒಟ್ಟು ಎಷ್ಟು ಗಂಟೆ ಎಂದು ಎಲ್ಲರೂ ನೋಡುತ್ತಾರೆ. ಒಂದು ಸಲ ಕೂತರೆ ಎಷ್ಟು ಹೊತ್ತಿಗೆ ಸೇವ್ ಮಾಡಿ ಏಳಬಹುದು ಎಂಬುದನ್ನು ಯಾರೂ ನೋಡುವುದಿಲ್ಲ. ನಿಯರ್ ಆಟೋಮೇಟಾದ ಆರಂಭವೇ ನೋಡಿ. ಮೊದಲ ಮುಕ್ಕಾಲು ಗಂಟೆಯಷ್ಟು ಸೇವ್ ಎಂಬುದೇ ಇಲ್ಲ. ಕೊನೆಯ ದೊಡ್ಡ ಯಂತ್ರದ ಎದುರು ಸತ್ತರೆ ಮತ್ತೆ ವಿಮಾನ ಹಾರಿಸುವಲ್ಲಿಂದಲೇ ಶುರು. ಹಾರ್ಡ್ ಎಂಬ ಕಷ್ಟದ ಮಟ್ಟದಲ್ಲಿ ಆಡಿದರೆ ಒಂದೆರಡು ಏಟಿಗೆ ಸಾಯುತ್ತೀರಿ, ಆ ರಾತ್ರಿ ಹೋಯಿತು. ಮುಂದೆ ಒಳ್ಳೆಯ ಕಂಪ್ಯೂಟರ್ ತೆಗೆದುಕೊಂಡ ಮೇಲೆ ಆಡುವುದಾದರೆ ಮೊದಲ ಭಾಗವನ್ನು ಈಸಿಯಲ್ಲಿ ದಾಟಿ, ಆಮೇಲೆ ಏರಿಸಿಕೊಳ್ಳಿ. ಮತ್ತೆ ಹೆಸರುಗಳ ಪಟ್ಟಿ ಓಡಿದ ಕೂಡಲೇ ಮುಗಿಯಿತು ಎಂದು ಅಳಿಸಿಬಿಡಬೇಡಿ. ಅದು ಎ ಅಂತ್ಯ, ಹಲವು ಅಂತ್ಯಗಳಲ್ಲಿ ಮೊದಲನೆಯದು ಮಾತ್ರ. ಎರಡನೇ ಸುತ್ತು ಅದೇ ಘಟನೆಗಳನ್ನು ಇನ್ನೊಬ್ಬನ ಕಣ್ಣಲ್ಲಿ ತೋರಿಸುತ್ತದೆ, ಕಥೆ ನಿಜವಾಗಿ ಮುಂದಕ್ಕೆ ಹೋಗುವುದು ಮೂರನೆಯದರಲ್ಲಿ. ಅದೇ ಸೇವ್ ತೆರೆದು ಮುಂದುವರಿಸಬೇಕು.

ಔಟರ್ ವೈಲ್ಡ್ಸ್ ನಿಮ್ಮ ಹೊತ್ತಿಗೆ ಹೇಳಿ ಮಾಡಿಸಿದ ಹಾಗೆ ಉಂಟು. ಪ್ರತಿ ಸುತ್ತು 22 ನಿಮಿಷ, ಆಮೇಲೆ ಎಲ್ಲ ಮೊದಲಿನಿಂದ. ಕಂಡುಕೊಂಡದ್ದೆಲ್ಲ ನಿಮ್ಮ ಬಾಹ್ಯಾಕಾಶ ನೌಕೆಯ ದಾಖಲೆಯಲ್ಲಿ ಉಳಿಯುತ್ತದೆ. ಒಂದು ಗಂಟೆಗೆ ಎರಡು ಸುತ್ತು ಲೆಕ್ಕ. ಕಾರ್ಡ್ ಇಲ್ಲದ್ದೇ ಬೇಸರ.

ಎರಡುದಾಳ

ನಿಮ್ಮ ಲ್ಯಾಪ್‌ಟಾಪಿಗೆ, ನಿಮ್ಮ ಹೊತ್ತಿಗೆ ಡಿಸ್ಕೋ ಎಲಿಸಿಯಂ. ಎಸ್ಟೋನಿಯಾದ ಜಾ/ಉಮ್ ತಂಡ 2019ರಲ್ಲಿ ತಂದಿದ್ದು. 2021ರ ಫೈನಲ್ ಕಟ್‌ನಲ್ಲಿ ಎಲ್ಲ ಪಾತ್ರಗಳಿಗೂ ದನಿ ಬಂತು, ಹಾಗಾಗಿ ನಿಧಾನವಾಗಿ ಓದೋರಿಗೆ ಅನುಕೂಲ. ಜಾಗ ಸುಮಾರು 20 ಜಿಬಿ, ಇಂಟಿಗ್ರೇಟೆಡ್ ಗ್ರಾಫಿಕ್ಸಲ್ಲೂ (ಪ್ರತ್ಯೇಕ ಕಾರ್ಡ್ ಇಲ್ದೇನೂ) ಓಡುತ್ತೆ. ಹೊಡೆದಾಟದ ವ್ಯವಸ್ಥೆಯೇ ಇಲ್ಲ. ಇಡೀ ಆಟದಲ್ಲಿ ಹತ್ತು ಲಕ್ಷ ಪದಕ್ಕೂ ಮೀರಿ ಬರವಣಿಗೆ ಇದೆ, ಒಂದು ಸಲ ಆಡಿದ್ರೆ ಅದರಲ್ಲಿ ಒಂದು ಪಾಲು ಮಾತ್ರ ಕಾಣುತ್ತೆ. 25–30 ಗಂಟೆ ಇಟ್ಕೊಳ್ಳಿ, ನಿಧಾನ ಓದಿದ್ರೆ ಇನ್ನೂ ಜಾಸ್ತಿ.

ಜನ ಎಲ್ಲಿ ಕೈ ಬಿಡ್ತಾರೆ ಅಂದ್ರೆ ಮೊದಲ ಹತ್ತು ನಿಮಿಷದಲ್ಲಿ. ನಾಲ್ಕು ಗುಣ, ಒಂದೊಂದಕ್ಕೆ ಆರರಂತೆ 24 ಕೌಶಲ. "ಬುದ್ಧಿವಂತ ಪತ್ತೇದಾರ" ಆಡೋಣ ಅಂತ ಎಲ್ಲ ಅಂಕ ತಲೆಗೆ ಸುರಿದು ಫಿಸೀಕ್ (ದೇಹಬಲ) 1ಕ್ಕೆ ಬಿಡ್ತಾರೆ. ಆಟ ಶುರುವಾಗೋದೇ ಪತ್ತೇದಾರ ಹೋಟೆಲ್ ಕೋಣೆಯಲ್ಲಿ ಏಳೋದ್ರಿಂದ. ಎದ್ದ ಕೂಡಲೇ ಕೋಣೆಯ ದೀಪ ಹಾಕ್ತಾರೆ, ಬೆಳಕು ಕಣ್ಣಿಗೆ ಹೊಡೆದು ಹೃದಯ ನಿಂತುಹೋಗುತ್ತೆ, ಆಟ ಮುಗೀತು! ಸೀಲಿಂಗ್ ಫ್ಯಾನಿಗೆ ಸಿಕ್ಕಿಕೊಂಡಿರೋ ಟೈ ಎಳೆಯೋಕೆ ಹೋಗಿ ಸೋತ್ರೂ ಅದೇ ಗತಿ. ಫಿಸೀಕನ್ನೂ ಸೈಕಿಯನ್ನೂ (ಮನಸ್ಸಿನ ಗುಣ) ಕನಿಷ್ಠ 2 ಇಡಿ. ಮೊದಲನೇದು ಆರೋಗ್ಯ, ಎರಡನೇದು ಮನೋಬಲ, ಯಾವುದು ಸೊನ್ನೆ ಆದ್ರೂ ಕಥೆ ಮುಗೀತು. ಆರೋಗ್ಯಕ್ಕೆ ನೋಸಾಫೆಡ್ ಅನ್ನೋ ಔಷಧಿ, ಮನೋಬಲಕ್ಕೆ ಮೆಗ್ನೀಸಿಯಂ, ಎರಡೂ ಜೇಬಲ್ಲಿ ಒಂದೊಂದಾದ್ರೂ ಇರ್ಲಿ. ಸೊನ್ನೆ ಮುಟ್ಟಿದ ಮೇಲೂ ಕೆಲವೇ ಸೆಕೆಂಡ್ ಸಿಗುತ್ತೆ, ಆಗ ಒತ್ತಬೇಕು.

ದಾಳದ ಲೆಕ್ಕ ಸುಲಭ. ಎರಡು ದಾಳ, ಅದಕ್ಕೆ ನಿಮ್ಮ ಕೌಶಲ ಸೇರಿಸಿ ಗುರಿ ಮುಟ್ಟಬೇಕು. ಎರಡೂ 6 ಬಿದ್ರೆ ಯಾವಾಗ್ಲೂ ಗೆಲುವು, ಎರಡೂ 1 ಬಿದ್ರೆ ಯಾವಾಗ್ಲೂ ಸೋಲು. ಅದಕ್ಕೇ ಗೆಲುವಿನ ಸಾಧ್ಯತೆ ಶೇ 3ಕ್ಕಿಂತ ಇಳಿಯಲ್ಲ, 97ಕ್ಕಿಂತ ಏರಲ್ಲ. ಹೀಗೆ ದಾಳ ಎಸೆಯೋದಕ್ಕೆ ಪರೀಕ್ಷೆ ಅಂತಾರೆ, ಬಿಳಿ, ಕೆಂಪು ಅಂತ ಎರಡು ಬಗೆ. ಬಿಳಿ ಪರೀಕ್ಷೆ ಸೋತ್ರೆ ಆ ಕೌಶಲಕ್ಕೆ ಒಂದು ಅಂಕ ಹಾಕಿದಾಗ ಮತ್ತೆ ತೆರೆಯುತ್ತೆ. ಕೆಂಪಿಗೆ ಒಂದೇ ಅವಕಾಶ. ಹಾಗಾಗಿ ಸಿಕ್ಕ ಅಂಕವನ್ನ ಸಿಕ್ಕಾಗಲೇ ಖರ್ಚು ಮಾಡ್ಬೇಡಿ, ಒಂದು ಕೈಯಲ್ಲಿ ಇಟ್ಕೊಂಡಿರಿ. ಪರೀಕ್ಷೆಗೆ ಮುಂಚೆ ಅದಕ್ಕೆ ಒಪ್ಪೋ ಬಟ್ಟೆ ಹಾಕಿದ್ರೂ ಒಂದೊಂದು ಅಂಕ ಏರುತ್ತೆ. ಹಾಗಂತ ಸೋತಾಗಲೆಲ್ಲ ಹಳೇ ಸೇವ್‌ಗೆ ಓಡಬೇಡಿ, ಈ ಆಟದ ಒಳ್ಳೊಳ್ಳೆ ದೃಶ್ಯಗಳು ಸೋಲಲ್ಲೇ ಇವೆ.

ಮೂಡಬಿದ್ರಿ_ಪಿಕ್ಸೆಲ್

ಎಲ್ಲ ಸರಿ, ಆದರೆ ಮೊದಲಿಗೆ ಓಬ್ರಾ ಡಿನ್ ಅಲ್ಲವಾ? ಹತ್ತು ಗಂಟೆಯ ಆಸುಪಾಸಲ್ಲಿ ಮುಗಿಯುತ್ತದೆ. 2018ರಲ್ಲಿ ಲೂಕಾಸ್ ಪೋಪ್ ಮಾಡಿದ್ದು. 1802ರಲ್ಲಿ ಹೊರಟು ಕಾಣೆಯಾದ ಹಡಗು 1807ರಲ್ಲಿ ಖಾಲಿಯಾಗಿ ತೇಲಿ ಬರುತ್ತದೆ, ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ತನಿಖೆಯವರು. 60 ಜನರ ಹೆಸರು, ಗತಿ ಎರಡನ್ನೂ ಹುಡುಕಬೇಕು. ಸಿಬ್ಬಂದಿ ಪಟ್ಟಿಯಲ್ಲಿ ಪ್ರತಿಯೊಬ್ಬನ ದೇಶವೂ ಉಂಟು, ನಮ್ಮ ಕಡೆಯ ನಾವಿಕರೂ ಇದ್ದಾರೆ. ಹಾಗಾಗಿ ಹೆಡ್‌ಫೋನ್ ಹಾಕದೆ ಕೂರಬೇಡಿ, ಮಾತಿನ ಧಾಟಿಯೇ ಎಷ್ಟೋ ಜನರ ಸುಳಿವು.

ಎರಡುದಾಳ

ಗೇಮ್ ಬಗ್ಗೆ ತಕರಾರಿಲ್ಲ, ದಿನಕ್ಕೊಂದು ಗಂಟೆಯ ಬಗ್ಗೆ ಇದೆ. ಓಬ್ರಾ ಡಿನ್‌ನಲ್ಲಿ ಮೂರು ಜನರದ್ದು ಸರಿಯಾದ್ರೆ ಮಾತ್ರ ಅದು ಖಚಿತ ಮಾಡುತ್ತೆ. ಎರಡು ಸರಿ, ಒಂದು ಅನುಮಾನ ಅಂತ ಬಿಟ್ಟು ಎದ್ದು ನಾಲ್ಕು ದಿನ ಬಿಟ್ಟು ಬಂದ್ರೆ ಯಾವ ಮುಖ ಯಾರದ್ದು ಅಂತ ಮರೆತು ಹೋಗಿರುತ್ತೆ. ಭಾನುವಾರದ ಮೂರು ಗಂಟೆಗೆ ಅದು, ವಾರದ ದಿನಕ್ಕೆ ಡಿಸ್ಕೋ. ಡಿಸ್ಕೋದಲ್ಲಿ ಗಡಿಯಾರ ಓಡೋದೇ ಮಾತಾಡುವಾಗ, ಪುಸ್ತಕ ಓದುವಾಗ. ಸುಮ್ನೆ ಬೀದಿ ಸುತ್ತಿದ್ರೆ ಹೊತ್ತು ಕಳೆಯಲ್ಲ, ಏನೂ ತಪ್ಪಿಹೋಗಲ್ಲ.

ಮೂಡಬಿದ್ರಿ_ಪಿಕ್ಸೆಲ್

ಅದಾದರೆ ಒಪ್ಪಿದೆ. ಆದರೂ ಒಂದು ಹಾಳೆ, ಪೆನ್ನು ಪಕ್ಕದಲ್ಲಿಟ್ಟುಕೊಂಡರೆ ವಾರದ ದಿನವೂ ಆದೀತು.

ರಾತ್ರಿಪಾಳಿ_88

ಎಲ್ರಿಗೂ ಥ್ಯಾಂಕ್ಸ್. ಡಿಸ್ಕೋ ಹಿಡಿಸ್ಲಿಲ್ಲ ಅಂದ್ರೆ ವಾಪಸ್ ಕೊಡೋಕೆ ಎರಡು ಗಂಟೆ ಸಾಕಾ? ಮತ್ತೆ ವೆನ್ಬಾ ಅಂತ ಒಂದು ಕಣ್ಣಿಗೆ ಬಿತ್ತು, ಒಂದೂವರೆ ಗಂಟೆಗೇ ಮುಗಿಯುತ್ತಂತೆ. ದುಡ್ಡು ದಂಡವಾ?

ಹಳೇ_ಜಾಯ್‌ಸ್ಟಿಕ್

ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ, ಈ ಎರಡೂ ಇದ್ರೆ ರಿಫಂಡ್ ಸಿಗುತ್ತೆ. ಗೇಮ್ ತೆರೆದಿಟ್ಟು ಊಟಕ್ಕೆ ಹೋದ್ರೂ ಆ ಹೊತ್ತು ಲೆಕ್ಕಕ್ಕೆ ಬರುತ್ತೆ, ಹುಷಾರು. ಡಿಸ್ಕೋಗೆ ಎರಡು ಗಂಟೆ ಸಾಕು. ಹೋಟೆಲಿಂದ ಹೊರಗೆ ಬಂದು ಹಿತ್ತಲಿನ ಮರದ ಹತ್ರ ಹೋಗೋಷ್ಟರಲ್ಲಿ ನಿಮಗೆ ಗೊತ್ತಾಗಿಬಿಡುತ್ತೆ. ರೆಡ್ ಡೆಡ್ 2ಕ್ಕೆ ಮಾತ್ರ ಈ ಪರೀಕ್ಷೆ ನಡೆಯಲ್ಲ, ಹಿಮದ ಮೊದಲ ಅಧ್ಯಾಯ ದಾಟೋದ್ರೊಳಗೆ ಗಡುವೇ ಮುಗಿದಿರುತ್ತೆ.

ವೆನ್ಬಾ 2023ರದ್ದು, ಕೆನಡಾಗೆ ವಲಸೆ ಹೋದ ತಮಿಳು ಕುಟುಂಬದ ಕಥೆ. ಮಾಸಿದ ಅಡುಗೆ ಪುಸ್ತಕ ನೋಡಿಕೊಂಡು ಅಳಿಸಿಹೋದ ಹಂತವನ್ನ ಊಹಿಸಿ ಅಡುಗೆ ಮಾಡ್ಬೇಕು. ಶುರುವೇ ಇಡ್ಲಿ, ನಮ್ಮ ಕಡೆಯವರಿಗೆ ಅದು ಒಗಟೇ ಅಲ್ಲ. ಗಂಟೆಗಿಷ್ಟು ರೂಪಾಯಿ ಅಂತ ಲೆಕ್ಕ ಹಾಕಿದ್ರೆ ದುಬಾರಿ ಅನ್ಸುತ್ತೆ, ಸೇಲಲ್ಲಿ ತಗೊಳ್ಳಿ. ಪೂರ್ತಿ ಮುಗಿಸಿ ರಿಫಂಡ್ ಕೇಳೋರೂ ಇದ್ದಾರೆ, ಚಿಕ್ಕ ತಂಡಗಳ ಹೊಟ್ಟೆ ಮೇಲೆ ಹೊಡೆಯೋ ಕೆಲಸ ಅದು.

ಎರಡುದಾಳ

ಇನ್ನೊಂದು ಹೇಳೋಕೆ ಮರೆತೆ. ಡಿಸ್ಕೋದಲ್ಲಿ ಮಾತಿನ ನಡುವೆ ಸೇವ್ ಆಗಲ್ಲ, ಕೆಲವು ಸಂಭಾಷಣೆ ಅರ್ಧ ಗಂಟೆ ಎಳೆಯುತ್ತೆ. ಹೊಸಬರನ್ನ ಮಾತಾಡಿಸೋ ಮುಂಚೆ ಎಫ್5 ಒತ್ತಿ ಸೇವ್ ಮಾಡ್ಕೊಳ್ಳಿ. ಗಂಟೆ ಮುಗಿಯೋಕೆ ಹತ್ತೇ ನಿಮಿಷ ಇದ್ರೆ ಹೊಸ ಮಾತು ಶುರು ಮಾಡ್ಬೇಡಿ, ಬೀದಿಯಲ್ಲಿ ಬಾಟಲಿ ಆಯ್ಕೊಂಡು ನಿಲ್ಲಿಸಿ.