ಪೆಟ್ ಸಿಟಿ, ಎಂಆರ್‌ಐ ಎಲ್ಲ ಆಗಿದೆ, ರೇಡಿಯೇಶನ್‌ಗೆ ಮತ್ತೆ ಸಿಟಿ ಯಾಕೆ?

ಮಲೆನಾಡ_ಮಗಳು:
ಅಮ್ಮನಿಗೆ 58 ವರ್ಷ. ಎಡ ಸ್ತನದ ಗಂಟು ಮಾತ್ರ ತೆಗೆದಿದ್ದಾರೆ, ಕೀಮೋನೂ ಮುಗಿಯಿತು. ಈಗ ಕರೆಂಟ್ (ರೇಡಿಯೇಶನ್) ಕೊಡಬೇಕು, ಅದಕ್ಕೂ ಮೊದಲು ಸಿಟಿ ಸಿಮ್ಯುಲೇಶನ್ ಆಗಬೇಕು ಅಂದರು. ಮ್ಯಾಮೊಗ್ರಾಂ, ಎಂಆರ್‌ಐ, ಪೆಟ್ ಸಿಟಿ ಎಲ್ಲದರ ಫಿಲ್ಮು, ಸಿಡಿ ಒಂದು ಚೀಲದ ತುಂಬ ಇದೆ, ಅದನ್ನೇ ನೋಡಿ ಮಾಡೋಕೆ ಆಗಲ್ವಾ? ಗಂಟೇ ಇಲ್ಲದ ಮೇಲೆ ನೋಡುವುದಾದರೂ ಏನು, ಸುಮ್ನೆ ಬಿಲ್ ಏರಿಸುತ್ತಿದ್ದಾರಾ? ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡು ಬನ್ನಿ ಅಂತಲೂ ಹೇಳಿದ್ದಾರೆ. ಅಮ್ಮ ಅದಕ್ಕೇ ಹೆದರಿದ್ದಾರೆ.

ಫಿಸಿಕ್ಸ್_ಮೇಷ್ಟ್ರು:
ರೇಡಿಯೇಶನ್ ವಿಭಾಗದಲ್ಲೇ ಕೆಲಸ ನನ್ನದು. ಬಿಲ್ ಏರಿಸೋಕಲ್ಲ ಮೇಡಂ. ಸಿಮ್ಯುಲೇಶನ್ ಅಂದರೆ ಕರೆಂಟ್ ಕೊಡುವಾಗ ಹೇಗೆ ಮಲಗಿಸುತ್ತಾರೋ ಹಾಗೇ ಮಲಗಿಸಿ ತೆಗೆಯುವ ಸಿಟಿ, ಇದಿಲ್ಲದೆ ಪ್ಲಾನ್ ಮಾಡೋಕೇ ಆಗಲ್ಲ. ನಿಮ್ಮ ಚೀಲದಲ್ಲಿರುವುದು ಕಾಯಿಲೆ ಹುಡುಕಲು ತೆಗೆದ ಚಿತ್ರಗಳು. ಸ್ತನದ ಎಂಆರ್‌ಐಗೆ ಬೋರಲು ಮಲಗಿಸುತ್ತಾರೆ. ಕರೆಂಟ್ ಕೊಡುವಾಗ ಸಾಮಾನ್ಯವಾಗಿ ಅಂಗಾತ, ಕೈ ತಲೆಯ ಮೇಲೆ, ಗಟ್ಟಿ ಚಪ್ಪಟೆ ಮೇಜು. ಸ್ತನದ ಆಕಾರವೇ ಬದಲಾಗಿಬಿಡುತ್ತದೆ, ಅದರ ಮೇಲೆ ಆಪರೇಶನ್ ಬೇರೆ ಆಗಿದೆ. ಇನ್ನೊಂದು, ಎಲ್ಲಿ ಗಾಳಿ, ಎಲ್ಲಿ ಮಾಂಸ, ಎಲ್ಲಿ ಮೂಳೆ, ಎಷ್ಟು ದಟ್ಟ ಅನ್ನುವುದು ಸಿಟಿಯಲ್ಲಿ ಸಂಖ್ಯೆಯಾಗಿಯೇ ಸಿಗುತ್ತದೆ, ಅದನ್ನಿಟ್ಟುಕೊಂಡು ಕಂಪ್ಯೂಟರ್ ಡೋಸ್ ಲೆಕ್ಕ ಹಾಕುತ್ತದೆ.
ಗಂಟು ಇದ್ದ ಜಾಗ ಬೇಕೇ ಬೇಕು, ಬೂಸ್ಟ್ (ಹೆಚ್ಚುವರಿ ಡೋಸ್) ಕೊಡುವುದಾದರೆ ಅಲ್ಲಿಗೇ. ಸರ್ಜನ್ ಟೈಟಾನಿಯಂ ಕ್ಲಿಪ್ ಹಾಕಿದ್ದರೆ ಸಿಟಿಯಲ್ಲಿ ಬೆಳ್ಳಗೆ ಹೊಳೆಯುತ್ತವೆ. ಡಾಕ್ಟರು ಒಂದೊಂದೇ ಸ್ಲೈಸ್ ತೆಗೆದು ಸ್ತನ, ಹೃದಯ, ಶ್ವಾಸಕೋಶದ ಸುತ್ತ ಗೆರೆ ಎಳೆಯುತ್ತಾರೆ. ಹಳೇ ಸಿಡಿಗಳೂ ಆಗ ಕೆಲಸಕ್ಕೆ ಬರುತ್ತವೆ, ಆಪರೇಶನ್ ನೋಟ್ ಜೊತೆಗೆ ತೆಗೆದುಕೊಂಡು ಹೋಗಿ.

ಸಾವಿತ್ರಕ್ಕ_ಹುಬ್ಬಳ್ಳಿ:
ನನಗೂ ಆಗಿದೆ ತಂಗಿ, ನೋವೇನೂ ಇಲ್ಲ. ಹೊಲಿಗೆ ಗುರುತಿನ ಮೇಲೆ ಸಣ್ಣ ತಂತಿ ಅಂಟಿಸಿದರು, ಎದೆ ಮೇಲೆ ಸೂಜಿ ಮೊನೆಯಷ್ಟು ಹಚ್ಚೆ ಚುಕ್ಕೆ ಹಾಕಿದರು. ಕಷ್ಟ ಅಂದರೆ ಕೈ ಎತ್ತಿ ಹಾಗೇ ಅಲುಗಾಡದೆ ಮಲಗುವುದು. ಕಂಕುಳಲ್ಲಿ ಗ್ರಂಥಿ ತೆಗೆದಿದ್ದರೆ ಭುಜ ಹಿಡಿದುಕೊಂಡಿರುತ್ತದೆ. ಅಮ್ಮನ ಕೈ ಪೂರ್ತಿ ಮೇಲೆ ಹೋಗುತ್ತದಾ ಅಂತ ಇವತ್ತೇ ನೋಡಿ.

ಮಲೆನಾಡ_ಮಗಳು:
ಅಯ್ಯೋ, ಕಿವಿ ತನಕ ಬರುತ್ತದೆ, ಅದರಾಚೆ ಇಲ್ಲ. ಉಸಿರಿನ ವಿಷಯ ಯಾರಾದರೂ ಹೇಳಿ.

ಫಿಸಿಕ್ಸ್_ಮೇಷ್ಟ್ರು:
ಎಡಗಡೆ ಆದ್ದರಿಂದ ಹೃದಯ ಉಳಿಸೋಕೆ. ಜೋರಾಗಿ ಉಸಿರು ಎಳೆದುಕೊಂಡರೆ ಶ್ವಾಸಕೋಶ ಉಬ್ಬಿ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಉಸಿರು ಬಿಟ್ಟಾಗ, ಹಿಡಿದಾಗ ಎರಡೂ ಸಿಟಿ ಪಕ್ಕಪಕ್ಕ ಇಟ್ಟರೆ ನಿಮಗೇ ಗೊತ್ತಾಗುತ್ತದೆ, ಕೆಲವರಿಗೆ ಬೀಮ್ (ರೇಡಿಯೇಶನ್ ಕಿರಣ) ಒಳಗಿದ್ದ ಹೃದಯದ ಅಂಚು ಪೂರ್ತಿ ಹೊರಗೆ ಬಂದಿರುತ್ತದೆ. ಸ್ವೀಡನ್, ಡೆನ್ಮಾರ್ಕ್‌ನಲ್ಲಿ ಹಿಂದೆ ರೇಡಿಯೇಶನ್ ಪಡೆದ ಹೆಂಗಸರ ಬಗ್ಗೆ 2013ರಲ್ಲಿ ಬಂದ ಅಧ್ಯಯನದ ಪ್ರಕಾರ ಹೃದಯಕ್ಕೆ ಬೀಳುವ ಸರಾಸರಿ ಡೋಸ್ 1 ಗ್ರೇ (ಡೋಸ್ ಅಳೆಯುವ ಮಾನ) ಹೆಚ್ಚಾದರೆ ಹೃದಯದ ಗಂಭೀರ ತೊಂದರೆ 7.4% ಜಾಸ್ತಿ. ಗಾಬರಿ ಬೇಡ, ಇದು ಅವರವರಿಗೆ ಮೊದಲೇ ಇರುವ ಅಪಾಯದಲ್ಲಿ 7.4% ಹೆಚ್ಚಳ, ನೂರರಲ್ಲಿ ಏಳು ಮಂದಿಗೆ ಅಂತಲ್ಲ.
ಒಂದು ಸಲಕ್ಕೆ 20 ಸೆಕೆಂಡ್ ಹಿಡಿದರೆ ಸಾಮಾನ್ಯವಾಗಿ ಸಾಕು. ಮಧ್ಯೆ ಬಿಟ್ಟರೂ ಬೀಮ್ ನಿಲ್ಲಿಸುತ್ತಾರೆ, ಸುಧಾರಿಸಿಕೊಂಡು ಮತ್ತೆ ಶುರು. ಆಗದವರಿಗೆ ಹೃದಯ ತಪ್ಪಿಸೋಕೆ ಬೇರೆ ದಾರಿಗಳೂ ಇವೆ. ಮೊದಲು ಭುಜ ನೋಡಿಕೊಳ್ಳಿ. ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ, ಫಿಸಿಯೋಗೆ ಎಷ್ಟು ದಿನ ಬಿಡಬಹುದು ಕೇಳಿ. ನೀವೇ ಡೇಟ್ ಮುಂದೆ ಹಾಕಬೇಡಿ.